ಮೂವತ್ತೊಂದು ಆಧಾರಗಳು ಮತ್ತು ಒಂದು ಬ್ಲೇಡು

ಹುಡುಕಿದಾಗ ನೇಲ್ ಕಟರ್ ಸಿಗದಿರುವುದು ಯಾವ ಮನೆಯಲ್ಲಾದರೂ ಸಹಜ. ಆದರೆ ಆ ಮನೆಯ ಯಜಮಾನ ಬಸ್ ಡಿಪೋದ ಸ್ಟೋರ್‌ಕೀಪರ್ ಆಗಿದ್ದರೆ ಅದು ಸಹಜವಲ್ಲ, ಮಾನಹಾನಿ. ಡಿಪೋದ ಉಗ್ರಾಣದಲ್ಲಿ ನಾಲ್ಕು ಸಾವಿರದ ಏಳುನೂರು ಬಗೆಯ ಬಿಡಿಭಾಗಗಳಿದ್ದವು. ಹಿಂಬದಿ ಚಕ್ರದ ಬೇರಿಂಗು ಯಾವ ಕಪಾಟಿನ ಯಾವ ಖಾನೆಯಲ್ಲಿದೆ ಎಂಬುದನ್ನು ಕಣ್ಣಿಗೆ ಬಟ್ಟೆ ಕಟ್ಟಿದರೂ ಅವನು ಕೈಯಿಟ್ಟು ತೋರಿಸಬಲ್ಲವನಾಗಿದ್ದ. (ಒಮ್ಮೆ ಕರೆಂಟು ಹೋದಾಗ ತೋರಿಸಿಯೂ ಇದ್ದ. ಮೆಕ್ಯಾನಿಕ್ಕುಗಳು ಚಪ್ಪಾಳೆ ತಟ್ಟಿದ್ದರು. ಆ ಚಪ್ಪಾಳೆಯ ಸದ್ದನ್ನು ಅವನ ಹೆಂಡತಿ ಈವರೆಗೆ ನಲವತ್ತು ಸಲವಾದರೂ ಕೇಳಿರಬೇಕು.) ಇಂಥ ಪ್ರಚಂಡ ಪುರುಷ ಸ್ವಂತ ಮನೆಯ ಹೊಸ್ತಿಲು ದಾಟಿದೊಡನೆ ದಿಕ್ಕುಗೆಟ್ಟ ಅನಾಥನಾಗಿಬಿಡುತ್ತಿದ್ದ.

"ಈ ಮನೇಲಿ ಒಂದು ವಸ್ತುವಾದ್ರೂ ತನ್ನ ಜಾಗದಲ್ಲಿ ಇರುತ್ತಾ?" ಶನಿವಾರ ಮಧ್ಯಾಹ್ನ ಅವನು ಗೋಡೆಗಳನ್ನು ಉದ್ದೇಶಿಸಿ ಕೇಳಿದ.

ಉತ್ತರ ಗೋಡೆಯಿಂದ ಬರಲಿಲ್ಲ, ಹೆಂಡತಿಯಿಂದ ಬಂತು. ಅವಳು ಡ್ರೈವಿಂಗ್ ಶಾಲೆಯಲ್ಲಿ ಕಲಿಸುವವಳು. ದಿನವಿಡೀ ಪರರ ತಪ್ಪುಗಳ ಪಕ್ಕದ ಸೀಟಿನಲ್ಲಿ ಕುಳಿತು ತಕ್ಕ ಸಮಯಕ್ಕೆ ಬ್ರೇಕು ಒತ್ತುವುದೇ ಅವಳ ವೃತ್ತಿ; ಆ ಪಾದ ಮನೆಗೆ ಬಂದ ಮೇಲೂ ವಿಶ್ರಾಂತಿ ಪಡೆಯುತ್ತಿರಲಿಲ್ಲ.

"ಇರುತ್ತೆ ರೀ. ನೀವು ಎತ್ತಿ ಯಾರಿಗಾದ್ರೂ ಕೊಡದೇ ಇದ್ರೆ."

"ನೇಲ್ ಕಟರ್ ತಗೊಂಡು ಹೋಗಿ ಯಾರಿಗೆ ಕೊಡ್ಲಿ ನಾನು?"

"ಏಣಿ ಯಾರಿಗೆ ಕೊಟ್ರಿ? ಇಸ್ತ್ರಿಪೆಟ್ಟಿಗೆ ಎಲ್ಲಿದೆ? ನನ್ನ ರೇನ್‌ಕೋಟು ಹಾಕ್ಕೊಂಡು ನಿಮ್ಮ ಡಿಪೋದ ವಾಚ್‌ಮನ್ ಓಡಾಡ್ತಾ ಇದಾನೆ. ನಾನು ಕಣ್ಣಾರೆ ನೋಡ್ದೆ."

"ಪಾಪ, ಕಷ್ಟದಲ್ಲಿದ್ದ ಕಣೇ."

"ಕಷ್ಟ ಅವನದು, ರೇನ್‌ಕೋಟು ನಂದು. ಮಧ್ಯದಲ್ಲಿ ನಿಮ್ಮದೇನು?"

"ಮನಸ್ಸು!" ಎಂದು ಅವನು ಎದೆ ಮುಟ್ಟಿ ತೋರಿಸಿದ.

"ಇಬ್ರೂ ಸ್ವಲ್ಪ ಸುಮ್ನಿರ್ತೀರಾ? ನಾನಿಲ್ಲಿ ಸಾಯ್ತಾ ಇದೀನಿ," ಎಂದು ನೆಲದಿಂದ ಒಂದು ದನಿ ಕೇಳಿತು.

ಅದು ಅವರ ಒಬ್ಬಳೇ ಮಗಳದು. ಹತ್ತನೆಯ ತರಗತಿಯಲ್ಲಿದ್ದಳು. ಚುರುಕಿನ ಹುಡುಗಿಯಾದ್ದರಿಂದ ಮನೆಯಲ್ಲಿ ಎಲ್ಲರೂ ಅವಳನ್ನು ಚೂಟಿ ಎಂದೇ ಕರೆಯುತ್ತಿದ್ದರು. ಆ ಹೊತ್ತಿಗೆ ಮಾತ್ರ ಚುರುಕೆಲ್ಲ ಬತ್ತಿ, ಹಾಲ್‌ನ ನೆಲದ ಮೇಲೆ ಕಾಗದಗಳ ನಡುವೆ ಅಂಗಾತ ಮಲಗಿದ್ದಳು. ಎದೆಯ ಮೇಲೆ, ಕಂದು ಕಾಗದದ ಹೊದಿಕೆ ಹಾಕಿದ ಇಂಗ್ಲಿಷ್ ಕಾದಂಬರಿಯೊಂದು ಅವಳ ಉಸಿರಿನೊಂದಿಗೆ ಏರಿಳಿಯುತ್ತಿತ್ತು.

ಸಂಗತಿ ಇಷ್ಟು. ಆ ಕಾದಂಬರಿ ಒಂದು ಪುಟ್ಟ ರೈಲು ನಿಲ್ದಾಣದ ಸ್ಟೇಷನ್ ಮಾಸ್ಟರನ ಕಥೆ. 'ಸ್ಟೇಷನ್ ಮಾಸ್ಟರ್ ನಿಜಕ್ಕೂ ಉದಾರಿಯೇ? ಪಠ್ಯದ ಆಧಾರಗಳೊಂದಿಗೆ ಚರ್ಚಿಸಿ' ಎಂಬುದು ಪ್ರಬಂಧದ ಪ್ರಶ್ನೆ. ಚೂಟಿ ಬರೆದದ್ದು ಎರಡು ಸಲ ಹಿಂದಿರುಗಿ ಬಂದಿತ್ತು. ಎರಡನೆಯ ಸಲ ಇಂಗ್ಲಿಷ್ ಮೇಡಂ ಕೆಂಪು ಶಾಯಿಯಲ್ಲಿ ಬರೆದಿದ್ದರು: 'ಆಧಾರಗಳು ಧಾರಾಳವಾಗಿವೆ. ಆದರೆ ಗುಜರಿ ಅಂಗಡಿಯಲ್ಲಿ ಬಿದ್ದ ಹಾಗೆ ಬಿದ್ದಿವೆ. ಜೋಡಿಸಿ, ಸೋಮವಾರ ತರುವುದು.' ಮುಂದಿನ ವರ್ಷದ ಸಾಹಿತ್ಯದ ವಿಶೇಷ ತರಗತಿಗೆ ಹನ್ನೆರಡು ಮಂದಿಯನ್ನು ಆರಿಸುವವರು ಈ ಮೇಡಂ ಅವರೇ. ಹನ್ನೊಂದು ಜಾಗ ತುಂಬಿದ್ದವು. ಉಳಿದ ಒಂದು ಜಾಗಕ್ಕೆ ಇಬ್ಬರಿದ್ದರು: ಒಬ್ಬಳು ಚೂಟಿ, ಇನ್ನೊಬ್ಬಳು ಡಿಪೋದ ಎಲೆಕ್ಟ್ರಿಷಿಯನ್‌ನ ಮಗಳು. ಆ ತರಗತಿಗಾಗಿ ಚೂಟಿ ಎರಡು ವರ್ಷದಿಂದ ಜೀವ ಬಿಡುತ್ತಿದ್ದಳು.

ಸ್ಟೋರ್‌ಕೀಪರ್ ಆ ಕೆಂಪು ಶಾಯಿಯ ಷರಾವನ್ನು ಎರಡೆರಡು ಸಲ ಓದಿದ. 'ಗುಜರಿ ಅಂಗಡಿ' ಎಂಬ ಪದ ನೇರ ಅವನ ಮರ್ಮಕ್ಕೆ ನಾಟಿತು.

"ಚೂಟಿ, ಏಳು! ಇದು ಸಾಹಿತ್ಯದ ಸಮಸ್ಯೆ ಅಲ್ವೇ ಅಲ್ಲ. ಇದು ಸ್ಟೋರಿನ ಸಮಸ್ಯೆ."

"ಶುರುವಾಯ್ತು," ಎಂದಳು ಹೆಂಡತಿ.

"ಸಾಮಾನು ಇದೆ, ಖಾನೆ ಇಲ್ಲ. ಅಷ್ಟೇ. ನಿನ್ನ ವಾದ ಏನು, ಅದನ್ನ ಹೇಳು ಮೊದಲು."

"ಅದೇ ಗೊತ್ತಾಗ್ತಿಲ್ಲಪ್ಪ. ಒಂದು ಪುಟ ಓದಿದ್ರೆ ದೇವರಂಥವನು ಅನ್ಸುತ್ತೆ, ಮುಂದಿನ ಪುಟ ಓದಿದ್ರೆ ಹೋಗಿ ಹೊಡೆಯೋಣ ಅನ್ಸುತ್ತೆ."

"ಹೊಡೆಯೋದಾ! ಅಂಥ ಮನುಷ್ಯನ್ನ?" ಸ್ಟೋರ್‌ಕೀಪರ್ ಆ ಕಾದಂಬರಿಯನ್ನು ಊಟದ ಬಿಡುವಿನಲ್ಲಿ, ನಿಘಂಟಿನ ನೆರವಿನಿಂದ, ಅಲ್ಲಲ್ಲಿ ಓದಿದ್ದ. ಓದಿದಷ್ಟರಲ್ಲೇ ಸ್ಟೇಷನ್ ಮಾಸ್ಟರನಲ್ಲಿ ತನ್ನ ಆತ್ಮಬಂಧುವನ್ನು ಕಂಡುಕೊಂಡಿದ್ದ. "ಚಳೀಲಿ ನಡುಗ್ತಿದ್ದ ಮುದುಕಿಗೆ ಶಾಲು ಹೊದಿಸಿದವನು. ತನ್ನ ಬುತ್ತೀನ ಸಿಗ್ನಲ್ ಹುಡುಗನಿಗೆ ಕೊಟ್ಟವನು. ಅವನಂಥೋರು ಎಷ್ಟು ಜನ ಸಿಗ್ತಾರೆ?"

"ಮನೇಗೊಬ್ರು ಸಿಕ್ರೂ ಕಷ್ಟವೇ," ಎಂದಳು ಹೆಂಡತಿ. ಅವಳೂ ಕಾದಂಬರಿಯನ್ನು ಓದಿದ್ದಳು, ಪೂರ್ತಿಯಾಗಿ ಓದಿದ್ದಳು. "ಅವನ ಹೆಂಡತೀನ ಒಂದು ಮಾತು ಕೇಳಿ ನೋಡಿ."

"ಪ್ರಶ್ನೆ ಇರೋದು ಗಂಡನ ಬಗ್ಗೆ."

"ಅದೇ ರೀ ತೊಂದರೆ. ಪ್ರಶ್ನೆ ಯಾವಾಗ್ಲೂ ಗಂಡನ ಬಗ್ಗೇನೇ ಇರುತ್ತೆ."

ಮರುದಿನ ಬೆಳಗ್ಗೆ ಚೂಟಿಯ ಕನ್ನಡಕದ ಕಡ್ಡಿ ಮುರಿಯಿತು. ಕನ್ನಡಕವಿಲ್ಲದೆ ಅವಳಿಗೆ ಸ್ಟೇಷನ್ ಮಾಸ್ಟರನಿರಲಿ, ಇಡೀ ರೈಲೇ ಕಾಣುತ್ತಿರಲಿಲ್ಲ. ತಾಯಿ ಮಗಳು ಕನ್ನಡಕದ ಅಂಗಡಿಗೆ ಹೊರಟರು. ಬಾಗಿಲಲ್ಲಿ ಚೂಟಿ ತಿರುಗಿ ನಿಂತು, "ಅಪ್ಪಾ, ಬೇಕಾದ ಕಡೆಯೆಲ್ಲಾ ಬಣ್ಣದ ಚೀಟಿ ಅಂಟಿಸಿದೀನಿ. ನಾನು ಬರೋದ್ರೊಳಗೆ ಅವನ್ನೆಲ್ಲಾ ವಿಂಗಡಿಸಿ ಇಟ್ಟಿರ್ತೀಯಾ?" ಎಂದಳು.

ಮಗಳ ಬಾಯಿಂದ ಇಂಥದೊಂದು ಕೋರಿಕೆ ಹೊರಟು ಎಷ್ಟೋ ಕಾಲವಾಗಿತ್ತು. ಸ್ಟೋರ್‌ಕೀಪರ್ ಅಂಗಿಯ ತೋಳು ಮಡಿಸಿದ. "ನೀನು ನೋಡ್ತಾ ಇರು," ಎಂದಷ್ಟೇ ಹೇಳಿದ. (ಅವಳು ನೋಡುತ್ತಾ ಇದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.)

ಊಟದ ಮೇಜನ್ನು ಒರೆಸಿ, ಬೋಲ್ಟು ವಾಷರುಗಳನ್ನು ಹಾಕಿಡುವ ಹನ್ನೆರಡು ಖಾನೆಯ ಟ್ರೇಯನ್ನು ತಂದಿಟ್ಟ. ಖಾನೆಗಳಿಗೆ ಲೇಬಲ್ ಬರೆದು ಅಂಟಿಸಿದ: ದಾನ, ದಯೆ, ತ್ಯಾಗ, ಕರುಣೆ, ಇತರೆ. ಉಳಿದ ಏಳು ಖಾನೆಗಳಿಗೆ ಸದ್ಗುಣಗಳ ಹೆಸರು ಹೊಳೆಯದೆ ಅವನ್ನು ಖಾಲಿ ಬಿಟ್ಟ. ಅನಂತರ ಪುಸ್ತಕ ತೆರೆದು, ಚೀಟಿ ಅಂಟಿಸಿದ ಸಾಲುಗಳನ್ನು ಒಂದೊಂದಾಗಿ ನಕಲು ಮಾಡತೊಡಗಿದ. ಪುಟಗಳ ಅಂಚಿನಲ್ಲಿ ಪೆನ್ಸಿಲಿನ ಸಣ್ಣ ಟಿಪ್ಪಣಿಗಳಿದ್ದವು. ಮಗಳ ಅಕ್ಷರ ಎಷ್ಟು ದುಂಡಗಾಗಿದೆಯೆಂದು ಮನಸ್ಸಿನಲ್ಲೇ ಮೆಚ್ಚಿಕೊಂಡ.

ನಾಲ್ಕನೆಯ ನಕಲಿಗೆ ಬೆರಳು ನೋಯತೊಡಗಿತು. ಐದನೆಯದರಲ್ಲಿ ಒಂದು ಸಾಲು ತಪ್ಪಿಹೋಯಿತು. ಆಗ, ಆ ಭಾನುವಾರ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ, ಸ್ಟೋರ್‌ಕೀಪರನಿಗೆ ಜ್ಞಾನೋದಯವಾಯಿತು. ಅಸಲು ಕೈಯಲ್ಲೇ ಇರುವಾಗ ನಕಲೇಕೆ? ಬೇರಿಂಗು ಬೇಕೆಂದು ಮೆಕ್ಯಾನಿಕ್ ಬಂದರೆ ಬೇರಿಂಗಿನ ಚಿತ್ರ ಬರೆದು ಕೊಡುತ್ತಾರೆಯೇ?

ಅವನು ಉಕ್ಕಿನ ಸ್ಕೇಲನ್ನೂ ಹೊಸ ಬ್ಲೇಡನ್ನೂ ತಂದ.

ಕೆಲಸ ನೋಡುವಂತಿತ್ತು ಎಂಬುದನ್ನು ಒಪ್ಪಲೇಬೇಕು. ಒಂದು ಅಕ್ಷರದ ಕೊಂಬು ಕೂಡ ಮುರಿಯದ ಹಾಗೆ, ಸ್ಕೇಲು ಹಿಡಿದು, ನಾಲ್ಕೂ ಬದಿ ನೇರವಾಗಿ ಕತ್ತರಿಸಿದ. ಪುಟ ಅರವತ್ತೊಂದು, ಶಾಲು: ದಾನದ ಖಾನೆಗೆ. ಪುಟ ಎಪ್ಪತ್ತೇಳು, ಬುತ್ತಿ: ತ್ಯಾಗದ ಖಾನೆಗೆ. ಪ್ರತಿ ತುಂಡಿನ ಮೂಲೆಯಲ್ಲಿ ಪುಟದ ಸಂಖ್ಯೆಯನ್ನು ಸಣ್ಣದಾಗಿ ಬರೆದ. ಕಾದಂಬರಿಯೊಳಗೆ ಗಾಳಿ ಬೆಳಕು ಚೆನ್ನಾಗಿ ಆಡತೊಡಗಿತು.

ನಡುವೆ ಒಂದೇ ಒಂದು ವಿಚಿತ್ರ ನಡೆಯಿತು. ಪುಟ ಅರವತ್ತೆರಡರ ಚೀಟಿಯನ್ನು ಹಿಡಿದು ಹೋದರೆ, ಅಲ್ಲಿ ಸಾಲುಗಳ ಬದಲು ಒಂದು ಕಿಟಕಿಯಿತ್ತು. ಕಿಟಕಿಯಾಚೆ ಅರವತ್ತನೆಯ ಪುಟ ಇಣುಕುತ್ತಿತ್ತು. ಎರಡನ್ನೂ ಕೂಡಿಸಿ ಓದಿದಾಗ, 'ಸ್ಟೇಷನ್ ಮಾಸ್ಟರನ ಹೆಂಡತಿ ಪೆಟ್ಟಿಗೆಯನ್ನು ತೆರೆದು, ಉದ್ದವಾಗಿ ಸೀಟಿ ಊದಿ, ಹನ್ನೆರಡು ನಿಮಿಷ ತಡವಾಗಿ ಹೊರಟಿತು' ಎಂದಾಯಿತು. ಆಧುನಿಕ ಸಾಹಿತ್ಯ ಹೀಗೇ ಇರುತ್ತದೆಂದು ಅವನು ಯಾರಿಂದಲೋ ಕೇಳಿದ್ದ. ಚೀಟಿಯನ್ನು ಕಿತ್ತು ಬಿಸಾಡಿ ಮುಂದುವರಿದ. ಅವನನ್ನು ದೂಷಿಸುವಂತಿಲ್ಲ. ಬೋಲ್ಟಿಗೆ ಹಿಂಬದಿ ಎಂಬುದಿಲ್ಲ. ಬೆನ್ನ ಮೇಲೆ ಇನ್ನೊಂದು ವಸ್ತುವನ್ನು ಹೊತ್ತ ವಸ್ತುವನ್ನು ಅವನು ತನ್ನ ಇಪ್ಪತ್ತಾರು ವರ್ಷದ ಸೇವೆಯಲ್ಲಿ ಕಂಡಿರಲಿಲ್ಲ.

ಒಂದು ಗಂಟೆಯ ಹೊತ್ತಿಗೆ ಮೂವತ್ತೊಂದು ಆಧಾರಗಳು ಖಾನೆಗಳಲ್ಲಿ ಕುಳಿತು ಫಳಫಳ ಹೊಳೆಯುತ್ತಿದ್ದವು. ತಾಯಿ ಮಗಳು ಬಂದರು. ಸ್ಟೋರ್‌ಕೀಪರ್ ಟ್ರೇಯ ಮೇಲೆ ಹೊದಿಸಿದ್ದ ಟವೆಲನ್ನು, ಪ್ರತಿಮೆಯನ್ನು ಅನಾವರಣ ಮಾಡುವ ಮಂತ್ರಿಯಂತೆ, ಮೆಲ್ಲನೆ ಎಳೆದ.

ಚೂಟಿ ಹೊಸ ಕನ್ನಡಕದಿಂದ ಟ್ರೇಯನ್ನು ನೋಡಿದಳು. ಅನಂತರ ಪುಸ್ತಕವನ್ನೆತ್ತಿ ತೆರೆದಳು. ಪುಸ್ತಕದ ಕಿಟಕಿಯ ಮೂಲಕ ಅಪ್ಪನ ನಗುಮುಖ ಕಾಣಿಸಿತು.

"ಅಪ್ಪಾ," ಎಂದಳು, ಬಹಳ ಸಣ್ಣ ದನಿಯಲ್ಲಿ. "ಇದು ಮೇಡಂ ಪುಸ್ತಕ."

"ಯಾವ ಮೇಡಂ?"

"ಎಷ್ಟು ಮೇಡಂ ಇದಾರೆ ರೀ?" ಹೆಂಡತಿ ಕುರ್ಚಿ ಹಿಡಿದು ಕುಳಿತಳು. "ಅವರು ಕಾಲೇಜಲ್ಲಿ ಓದೋವಾಗಿಂದ ಇಟ್ಟುಕೊಂಡಿರೋ ಪುಸ್ತಕ. ಅಂಚಲ್ಲೆಲ್ಲಾ ಅವರೇ ಬರೆದಿದಾರೆ."

"ಅದು... ಚೂಟಿ ಅಕ್ಷರ ಅಲ್ವಾ?"

"ನನ್ನ ಅಕ್ಷರ ಯಾವತ್ತಾದ್ರೂ ನೋಡಿದೀಯಾ ನೀನು?" ಚೂಟಿಯ ದನಿ ಒಡೆಯಿತು.

"ಮತ್ತೆ ನಿನ್ನ ಪುಸ್ತಕ ಎಲ್ಲಿ?"

ತಾಯಿ ಮಗಳು ಒಬ್ಬರನ್ನೊಬ್ಬರು ನೋಡಿಕೊಂಡರು. ಉತ್ತರವನ್ನು ಹೆಂಡತಿ ಕೊಟ್ಟಳು. "ಹೋದ ತಿಂಗಳು ಎಲೆಕ್ಟ್ರಿಷಿಯನ್ ಬಂದು, ಮಗಳಿಗೆ ಪುಸ್ತಕ ಸಿಗ್ತಿಲ್ಲ ಅಂದಾಗ, ಶೆಲ್ಫಿಂದ ಎತ್ತಿ ಕೊಟ್ಟೋರು ಯಾರು? 'ವಿದ್ಯೆ ಹಂಚಿದಷ್ಟೂ ಹೆಚ್ಚುತ್ತೆ' ಅಂತ ಭಾಷಣ ಬೇರೆ. ಇವಳು ಅಳ್ತಾ ಇದ್ದದ್ದು ನೋಡಿ ಮೇಡಂ ತಮ್ಮದನ್ನ ಕೊಟ್ರು."

ಸ್ಟೋರ್‌ಕೀಪರ್ ಟವೆಲನ್ನು ಮತ್ತೆ ಟ್ರೇಯ ಮೇಲೆ ಹೊದಿಸಿದ. ಉಳಿದಿರುವ ಒಂದೇ ಜಾಗಕ್ಕೆ ಮಗಳ ಎದುರಾಳಿಯಾದವಳಿಗೆ ಮಗಳ ಪುಸ್ತಕವನ್ನೇ ಕೊಟ್ಟಾಗಿತ್ತು. ಈಗ ಆ ಜಾಗವನ್ನು ಕೊಡಬೇಕಾದವರ ಪುಸ್ತಕವನ್ನು ಜಾಳಿಗೆ ಮಾಡಿಯಾಗಿತ್ತು. ಒಬ್ಬ ಮನುಷ್ಯ ಒಂದೇ ಕಾದಂಬರಿಯಿಂದ ಇದಕ್ಕಿಂತ ಹೆಚ್ಚಿನದನ್ನು ಸಾಧಿಸುವುದು ಸಾಧ್ಯವಿರಲಿಲ್ಲ.

"ಟೇಪ್ ಎಲ್ಲಿ?" ಎಂದು ಹೆಂಡತಿ ಎದ್ದಳು. "ಬಾಯ್ಬಿಟ್ಕೊಂಡು ನಿಂತ್ರೆ ಗಾಡಿ ಮುಂದೆ ಹೋಗಲ್ಲ. ಇಬ್ರೂ ಕೂತ್ಕೊಳ್ಳಿ."

ಮೂವರೂ ಮೇಜಿನ ಸುತ್ತ ಕುಳಿತು, ಪಾರದರ್ಶಕ ಟೇಪಿನಿಂದ ಕಾದಂಬರಿಗೆ ತೇಪೆ ಹಾಕತೊಡಗಿದರು. ಎರಡೂ ಕಡೆ ಟೇಪು ಬೀಳಬೇಕಾದ್ದರಿಂದ ಪ್ರತಿ ತುಂಡನ್ನೂ ಮಗುಚಬೇಕಾಗಿತ್ತು. ಶಾಲಿನ ತುಂಡನ್ನು ಮಗುಚಿದ ಚೂಟಿ ಅದರ ಹಿಂಬದಿಯನ್ನು ಓದಿದಳು. ಇನ್ನೊಮ್ಮೆ ಓದಿದಳು. ಬುತ್ತಿಯ ತುಂಡನ್ನು ಮಗುಚಿದಳು.

"ಅಮ್ಮಾ, ಇಲ್ಲಿ ನೋಡು. ಮುಂದ್ಗಡೆ ಅವನು ಮುದುಕಿಗೆ ಶಾಲು ಹೊದಿಸ್ತಾನೆ. ಹಿಂದ್ಗಡೆ ಅವನ ಹೆಂಡತಿ ಪೆಟ್ಟಿಗೆಯೆಲ್ಲಾ ಹುಡುಕಿ, ಶಾಲು ಸಿಗದೆ, ಕಿಟಕಿಯ ಪರದೆ ಹೊದ್ಕೊಂಡು ಹಾಲು ತರೋಕೆ ಹೋಗ್ತಾಳೆ!"

"ಬುತ್ತಿ?"

"ಮುಂದ್ಗಡೆ, 'ನನಗೆ ಹಸಿವಿಲ್ಲ' ಅಂತ ಸಿಗ್ನಲ್ ಹುಡುಗನಿಗೆ ಕೊಡ್ತಾನೆ. ಹಿಂದ್ಗಡೆ, ಮನೆಗೆ ಬಂದು ಹೆಂಡತಿ ಪಾಲನ್ನೂ ತಿಂದುಬಿಡ್ತಾನೆ."

"ಸೈಕಲ್ಲಿಂದು ನಾನೇ ಹೇಳ್ತೀನಿ," ಎಂದು ಹೆಂಡತಿ ತುಂಡನ್ನು ಮಗುಚಿದಳು. "ಪೋಸ್ಟ್‌ಮ್ಯಾನಿಗೆ ಸೈಕಲ್ ದಾನ. ಹಿಂದ್ಗಡೆ ಸ್ಟೇಷನ್ ಮಾಸ್ಟರ್ ತಂಗಿ ಕೆಸರಲ್ಲಿ ನಡ್ಕೊಂಡು ಕೆಲಸಕ್ಕೆ ಹೋಗ್ತಾ ಇದಾಳೆ. ಯಾಕಂದ್ರೆ ಸೈಕಲ್ ತಂಗೀದು."

"ಅದೆಲ್ಲಾ ಕಾಕತಾಳೀಯ!" ಸ್ಟೋರ್‌ಕೀಪರ್ ತನ್ನ ಆತ್ಮಬಂಧುವಿನ ರಕ್ಷಣೆಗೆ ಧಾವಿಸಿದ. 'ಇತರೆ' ಖಾನೆಯಿಂದ ಒಂದು ತುಂಡನ್ನೆತ್ತಿ ಮಗುಚಿ, ವಿಜಯೋತ್ಸಾಹದಿಂದ ಓದಿದ. "ನೋಡಿ ಇಲ್ಲಿ! 'ಮೂರನೆಯ ಬೋಗಿಯಲ್ಲಿ ಬಂದಿದ್ದ ಮೂಲಂಗಿ ಬಾಡಿಹೋಗಿತ್ತು.' ಇದಕ್ಕೇನಂತೀರಿ?"

"ಅದೂ ಯಾರದೋ ಮೂಲಂಗಿ ಇರಬೇಕು," ಎಂದಳು ಹೆಂಡತಿ.

ಚೂಟಿ ನಗಲಿಲ್ಲ. ಅವಳು ಎದ್ದುನಿಂತಿದ್ದಳು. ಎರಡು ವಾರದಿಂದ ಕಾಣೆಯಾಗಿದ್ದ ಚುರುಕು ಅವಳ ಮುಖಕ್ಕೆ ಮರಳಿತ್ತು. "ಅಪ್ಪಾ, ಖಾನೆ ತಪ್ಪಾಗಿದೆ. ದಾನ, ದಯೆ ಅಂತ ಮಾಡ್ಬಾರ್ದು. ಏನು ಕೊಟ್ಟ, ಅದು ಯಾರದು, ಅದಿಲ್ಲದೆ ಕಷ್ಟಪಟ್ಟೋರು ಯಾರು. ಮೂರೇ ಖಾನೆ ಸಾಕು. ಪ್ರತಿ ಪ್ಯಾರಾದಲ್ಲಿ ಒಂದು ವಸ್ತು ತಗೊಂಡು, ಅದರ ಮುಂದ್ಗಡೆ ಹಿಂದ್ಗಡೆ ಎರಡನ್ನೂ ಒಟ್ಟಿಗೇ ಇಡ್ತೀನಿ."

ಸ್ಟೋರ್‌ಕೀಪರ್ ಮೂಲಂಗಿಯ ತುಂಡನ್ನು ಕೈಯಲ್ಲಿ ಹಿಡಿದುಕೊಂಡೇ ಯೋಚಿಸಿದ. ಅವನೊಳಗಿನ ಸ್ಟೇಷನ್ ಮಾಸ್ಟರನ ಮಿತ್ರ ಗಾಯಗೊಂಡಿದ್ದ. ಆದರೆ ಅವನೊಳಗಿನ ಸ್ಟೋರ್‌ಕೀಪರ್ ಅಂಥ ಖಾನೆಗಳನ್ನು ಕಂಡು ಸುಮ್ಮನಿರುವುದು ಸಾಧ್ಯವಿರಲಿಲ್ಲ.

"ಹಾಗಾದ್ರೆ ಶಾಲು ಮೊದಲು ಬರಬಾರದು," ಎಂದ. "ಶಾಲು ಭಾರ. ಭಾರದ ಸಾಮಾನನ್ನ ನಾವು ಯಾವಾಗ್ಲೂ ಕೆಳಗಿನ ಹಲಗೇಲಿ ಇಡೋದು. ಮೇಲಿಟ್ರೆ ಕಪಾಟು ಮಗುಚ್ಕೊಳ್ಳುತ್ತೆ. ಮೊದಲು ಬುತ್ತಿ, ಅದು ಒಂದು ಹೊತ್ತಿನ ಮಾತು. ಆಮೇಲೆ ಸೈಕಲ್, ಅದು ಒಂದು ಮಳೆಗಾಲ. ಶಾಲು ಕೊನೇಗೆ. ಅವಳು ಜನರ ಮುಂದೆ ಪರದೆ ಹೊದ್ಕೊಂಡು ಹೋಗ್ಬೇಕಾಯ್ತಲ್ಲ, ಅದು... ಭಾರ."

ಹೆಂಡತಿ ಟೇಪು ಹರಿಯುವುದನ್ನು ನಿಲ್ಲಿಸಿ ಅವನನ್ನೇ ನೋಡಿದಳು. ಕಾಫಿ ಮಾಡಿ ತಂದಾಗ ಮೊದಲ ಲೋಟವನ್ನು ಅವನ ಮುಂದಿಟ್ಟಳು.

ಸೋಮವಾರ ಬೆಳಗ್ಗೆ ಹೆಂಡತಿ ಡ್ರೈವಿಂಗ್ ಶಾಲೆಯ ಕಾರಿನಲ್ಲಿ ಇಬ್ಬರನ್ನೂ ಶಾಲೆಯ ಗೇಟಿನ ಬಳಿ ಇಳಿಸಿದಳು. "ಪುಸ್ತಕದ ವಿಷಯ ನೀವೇ ಹೇಳ್ಬೇಕು," ಎಂದಳು.

"ಸಮಯ ನೋಡಿ ಹೇಳ್ತೀನಿ," ಎಂದ ಸ್ಟೋರ್‌ಕೀಪರ್. ಟೇಪು ಕುಡಿದು ಇಮ್ಮಡಿ ಊದಿದ ಕಾದಂಬರಿ ಅವನ ಕೈಚೀಲದಲ್ಲಿತ್ತು. ದಾರಿಯುದ್ದಕ್ಕೂ ಅವನು ಮಾಡಿಕೊಂಡ ಯೋಜನೆ ಸರಳವಾಗಿತ್ತು: ಮೇಡಂ ತಾವಾಗಿ ಕೇಳದಿದ್ದರೆ ಸಮಯ ಬಂದಿಲ್ಲವೆಂದು ಅರ್ಥ. ಅಷ್ಟರಲ್ಲಿ ಎಲ್ಲಿಂದಾದರೂ ಹಳೆಯ ಪ್ರತಿಯೊಂದನ್ನು ತರಿಸಿದರಾಯಿತು. ಅಂಚಿನ ಟಿಪ್ಪಣಿಗಳ ಗತಿಯೇನೆಂಬುದನ್ನು ಯೋಜನೆ ಇನ್ನೂ ತಲುಪಿರಲಿಲ್ಲ.

ಸ್ಟಾಫ್ ರೂಮಿನಲ್ಲಿ ಮೇಡಂ ಒಬ್ಬರೇ ಇದ್ದರು. ಪ್ರಬಂಧವನ್ನು ಪಡೆದು, ಇಬ್ಬರನ್ನೂ ಎದುರಿಗೆ ಕೂರಿಸಿ ಅಲ್ಲೇ ಓದಿದರು. ಓದುತ್ತಾ ಓದುತ್ತಾ ಅವರ ಹುಬ್ಬು ಮೇಲೇರಿತು.

"ಪರವಾಗಿಲ್ವೇ! ಪ್ರತಿ ಆಧಾರಕ್ಕೂ ಜೋಡಿ ಇದೆ. ಅದೂ ಹಗುರದ್ದು ಮೊದಲು, ಭಾರದ್ದು ಕೊನೇಗೆ. ಈ ಕ್ರಮ ಯಾರು ಹೇಳಿಕೊಟ್ಟಿದ್ದು?"

"ಅಪ್ಪ, ಮೇಡಂ," ಎಂದಳು ಚೂಟಿ.

"ಹೌದಾ? ನೀವು ಅಧ್ಯಾಪಕರಾ ಸರ್?"

"ಇಲ್ಲ ಮೇಡಂ, ಡಿಪೋದಲ್ಲಿ ಸ್ಟೋರ್‌ಕೀಪರ್," ಎನ್ನುವಾಗ ಅವನ ಅಂಗಿಯ ಗುಂಡಿಗಳು ಬಿಗಿಯಾದವು. ಚಪ್ಪಾಳೆಯ ಪ್ರಸಂಗವನ್ನು ಹೇಳಲು ಬಾಯಿ ತೆರೆದಿದ್ದ. ಅಷ್ಟರಲ್ಲಿ ಮೇಡಂ ಅವರ ಕೆಂಪು ಪೆನ್ನು ಕೊನೆಯ ಪ್ಯಾರಾದ ಮೇಲೆ ನಿಂತಿತು.

"ಇದೊಂದು ವಾಕ್ಯ ಇದೆಯಲ್ಲ," ಎಂದು, ಇಂಗ್ಲಿಷಿನಲ್ಲಿದ್ದುದನ್ನು ಕನ್ನಡಕ್ಕಿಳಿಸಿ ಹೇಳಿದರು. "'ಇಂಥವರು ಕೆಟ್ಟವರಲ್ಲ, ಬೇರೆಯವರ ವಸ್ತುವೂ ತಮ್ಮದೇ ಅನ್ನಿಸುವಷ್ಟು ಅವರ ಮನಸ್ಸು ದೊಡ್ಡದು.' ಸೊಗಸಾಗಿದೆ. ಆದರೆ ಇಷ್ಟು ದೊಡ್ಡ ಮಾತಿಗೆ ಆಧಾರ ಎಲ್ಲಿ? ಅವನು ಕೆಟ್ಟವನಲ್ಲ ಅಂತ ನಿನಗೆ ಹೇಗೆ ಗೊತ್ತು?"

"ಗೊತ್ತು ಮೇಡಂ," ಎಂದಳು ಚೂಟಿ, ತಲೆ ತಗ್ಗಿಸಿ.

"ಗೊತ್ತಿದ್ರೆ ಸಾಲದಮ್ಮ. ಆ ಇನ್ನೊಬ್ಬ ಹುಡುಗೀದು ನಿನ್ನಷ್ಟೇ ಚೆನ್ನಾಗಿದೆ. ಅವಳು ಆಧಾರ ಇಲ್ಲದೆ ಒಂದು ಮಾತೂ ಬರೆದಿಲ್ಲ. ನಾನೇನು ಮಾಡ್ಲಿ ಹೇಳು? ಪುಸ್ತಕದಿಂದಲೇ ಒಂದು ಆಧಾರ ತೋರ್ಸು, ಒಪ್ಕೋತೀನಿ."

ಚೂಟಿ ಅಪ್ಪನ ಕಡೆಗೆ ನೋಡಲಿಲ್ಲ. ನೋಡದಿರಲು ಅವಳು ಪಡುತ್ತಿದ್ದ ಕಷ್ಟ ಅವಳ ಕತ್ತಿನಲ್ಲಿ ಕಾಣುತ್ತಿತ್ತು. ಮೇಡಂ ಪೆನ್ನಿನ ಮುಚ್ಚಳ ತೆಗೆದರು.

ಸ್ಟೋರ್‌ಕೀಪರ್ ತೊಡೆಯ ಮೇಲಿದ್ದ ಚೀಲವನ್ನು ಒಮ್ಮೆ ಅಪ್ಪಿಕೊಂಡ. ಆಮೇಲೆ ಅದರೊಳಗೆ ಕೈಹಾಕಿ, ಕಾದಂಬರಿಯನ್ನು ತೆಗೆದು, ಮೇಜಿನ ಮೇಲಿಟ್ಟ.

"ಆಧಾರ ಇದೆ ಮೇಡಂ," ಎಂದ. "ಪುಸ್ತಕದಲ್ಲೇ ಇದೆ."

ಮೇಡಂ ಹೊದಿಕೆ ತೆರೆದರು. ಟೇಪು ಹಾಕಿದ ಹಾಳೆಗಳು ಚಟಪಟ ಸದ್ದು ಮಾಡುತ್ತಾ ಒಂದೊಂದಾಗಿ ಎದ್ದವು. ಅರವತ್ತೊಂದನೆಯ ಪುಟದಲ್ಲಿ ಮೂಲಂಗಿ ತಲೆಕೆಳಗಾಗಿ ಅಂಟಿಕೊಂಡಿತ್ತು. ಅವರು ಅದನ್ನು ಬಹಳ ಹೊತ್ತು ನೋಡಿದರು. ಹಿಂದುಮುಂದು ತಿರುಗಿಸಿದರು.

"ಇದು ಯಾರ ಕೆಲಸ?"

"ನಂದೇ ಮೇಡಂ. ಮಗಳಿಗೆ ಸಹಾಯ ಆಗ್ಲಿ ಅಂತ..."

"ನನ್ನ ಪುಸ್ತಕಾನ?"

"ನಮ್ಮದು ಅಂದ್ಕೊಂಡೆ ಮೇಡಂ."

ಮೇಡಂ ಅವರ ಮುಖದಲ್ಲಿ ಸಿಟ್ಟು ಅರ್ಧ ದಾರಿ ಬಂದು ಅಲ್ಲೇ ನಿಂತುಬಿಟ್ಟಿತು. ಅವರು ಪ್ರಬಂಧದ ಕೊನೆಯ ವಾಕ್ಯವನ್ನು ನೋಡಿದರು, ಎದುರಿಗಿದ್ದ ಮನುಷ್ಯನನ್ನು ನೋಡಿದರು, ಮತ್ತೆ ವಾಕ್ಯವನ್ನು ನೋಡಿದರು. ಕೆಂಪು ಪೆನ್ನು ಕಾಗದದ ಅಂಚಿಗೆ ಇಳಿದು ಒಂದು ಸಾಲು ಬರೆಯಿತು. ಸ್ಟೋರ್‌ಕೀಪರ್ ಅದನ್ನು ತಲೆಕೆಳಗಾಗಿಯೇ ಓದಿಕೊಂಡ: 'ಆಧಾರ ಒಪ್ಪಿದೆ. ಖುದ್ದಾಗಿ ಪರಿಶೀಲಿಸಿದ್ದೇನೆ.' ಅದರ ಕೆಳಗೆ, ಹನ್ನೆರಡು ಎಂಬ ಸಂಖ್ಯೆಯ ಮುಂದೆ, ಚೂಟಿಯ ಹೆಸರು.

ಚೂಟಿ ಕುರ್ಚಿಯಿಂದ ಎದ್ದು ಮತ್ತೆ ಕುಳಿತಳು. ಸ್ಟೋರ್‌ಕೀಪರ್ ಕೈಮುಗಿದು, ಬಾಗಿಲಿನತ್ತ ಹಿಮ್ಮುಖವಾಗಿ ಎರಡು ಹೆಜ್ಜೆ ಇಟ್ಟ.

"ಸರ್, ಒಂದು ನಿಮಿಷ. ನಾಳೆ ಹತ್ತು ಗಂಟೆಗೆ ನಮ್ಮ ತರಗತಿಗೆ ಬರೋಕಾಗುತ್ತಾ?"

ಅವನ ಅಂಗಿಯ ಗುಂಡಿಗಳು ಮತ್ತೆ ಬಿಗಿಯಾದವು. "ಖಂಡಿತ ಮೇಡಂ! ಆಧಾರ ಜೋಡಿಸೋದು ಹೇಗೆ ಅಂತ ಮಕ್ಕಳಿಗೆ ಹೇಳಿಕೊಡೋಕಾ?"

"ಇಲ್ಲ, ಅದನ್ನ ನಿಮ್ಮ ಮಗಳು ಹೇಳಿಕೊಡ್ತಾಳೆ," ಎಂದು ಮೇಡಂ ಪುಸ್ತಕವನ್ನು ಮೆಲ್ಲಗೆ ಮುಚ್ಚಿದರು. "ನೀವು ಸುಮ್ನೆ ಅವಳ ಪಕ್ಕದಲ್ಲಿ ನಿಂತಿದ್ರೆ ಸಾಕು. ಮಕ್ಕಳಿಗೆ ಆಧಾರ ಕಣ್ಣಿಗೆ ಕಾಣೋ ಹಾಗಿರಬೇಕು."